ಮೀನುಮನೆಗೊಂದು ನೆಲ

ಆರ್ಡಿಸ್ ರುಸ್ತಾದಳ ಬೂಟುಗಳು ನೆಲಕಚ್ಚಿದ್ದು ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಮೂರೂವರೆಗೆ, ಪಾಸ್ಟರ್ ನೈಬರ್ಗ್ ಅವರ ಎದುರಿಗೆ. ಮಾತಿಗೆ ಹೇಳುವ ನೆಲಕಚ್ಚುವಿಕೆಯಲ್ಲ ಇದು, ನಿಜವಾಗಿಯೇ ಕಚ್ಚಿಕೊಂಡವು.

ಆರ್ಡಿಸ್, ಅವಳ ಗಂಡ ವೆಂಡೆಲ್, ಪಾಸ್ಟರ್ ಮತ್ತು ನಾನು, ಹೀಗೆ ನಾಲ್ವರು ವೆಂಡೆಲ್‌ನ ಮೀನುಮನೆಯಲ್ಲಿ, ಅಂದರೆ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಲ್ಲಿಸಿ ನೆಲದ ತೂತಿನಿಂದ ಗಾಳ ಬಿಡುವ ಮರದ ಗೂಡಿನಲ್ಲಿ, ಇಸ್ಪೀಟಾಡುತ್ತ ಕೂತು ಎರಡು ಗಂಟೆಯಾಗಿತ್ತು. ಒಲೆಯ ಗ್ಯಾಸ್ ಮುಗಿದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಆರ್ಡಿಸ್ ಒಂದೇ ಸಮನೆ ಗೆಲ್ಲುತ್ತಿದ್ದಳು. ಸೋಲುತ್ತಿದ್ದ ನಾವು ಮೂವರೂ ಸಿಟ್ಟಿಗೆ ಒಳಗೊಳಗೇ ಕಾದಿದ್ದೆವು. ನೆಲದ ಮೇಲಿದ್ದದ್ದು ಹಳೆಯ ಕಾರ್ಪೆಟ್. ಬೂಟಿನ ಹಿಮ, ತೂತಿನಿಂದ ಎಗರಿದ ನೀರು, ಎರೆಮೀನಿನ ಬಕೆಟ್ಟು ತುಳುಕಿದ್ದು, ಚೆಲ್ಲಿದ ಕಾಫಿ, ಎಲ್ಲವನ್ನೂ ಅದು ವರ್ಷಗಟ್ಟಲೆ ಕುಡಿದು ಕೂತಿತ್ತು. ಒಲೆ ಆರಿದ್ದೇ ತಡ, ಕೆರೆ ಮಾಡುವ ಕೆಲಸವನ್ನು ಕಾರ್ಪೆಟ್ಟೂ ಮಾಡಿತು, ಹೆಪ್ಪುಗಟ್ಟಿತು.

ಆಟ ಮುಗಿಯಿತು. ಆರ್ಡಿಸ್ ಎದ್ದಳು, ಬೂಟುಗಳು ಏಳಲಿಲ್ಲ. ಅವಳು ಸೋಲುವ ಹೆಂಗಸಲ್ಲ. ಜಗ್ಗಿದಳು. ಬಲಗಾಲಿನ ಬೂಟು ಬಂತು. ಬೂಟಿನ ಜೊತೆ ರೊಟ್ಟಿಯಗಲ ಕಾರ್ಪೆಟ್ಟು ಬಂತು. ಕಾರ್ಪೆಟ್ಟಿನ ಜೊತೆ ಕೆಳಗಿನ ಕೊಳೆತ ಪ್ಲೈವುಡ್ಡೂ ಒಂದು ಗೇಣು ಕಿತ್ತು ಬಂತು. ಜಗ್ಗಿದ ರಭಸಕ್ಕೆ ಅವಳು ಹಿಂದಕ್ಕೆ ಕೂತಳು. ಹಿಂದೆ ಇದ್ದದ್ದು ಎರೆಮೀನಿನ ಬಕೆಟ್ಟು. ಅದರಲ್ಲಿ ಮೂರು ಡಜನ್ ಮರಿಗಳಿದ್ದವು.

ಎಡಗಾಲಿನ ಬೂಟು ಏನು ಮಾಡಿದರೂ ಬರಲಿಲ್ಲ. ಕೊನೆಗೆ ಆರ್ಡಿಸ್ ಕಾಲುಚೀಲದಲ್ಲೇ, ವೆಂಡೆಲ್‌ನ ಕೋಟು ಹೊದ್ದು, ಮೀನು ಸಾಗಿಸುವ ಜಾರುಬಂಡಿಯ ಮೇಲೆ ಕೂತಳು. ಗಂಡ ಒಂದು ಹಗ್ಗ, ಪಾಸ್ಟರ್ ಒಂದು ಹಗ್ಗ ಹಿಡಿದು ಪಿಕಪ್ ನಿಂತಲ್ಲಿಯವರೆಗೆ ಎಳೆದರು. ನಮ್ಮ ಟಮರ‍್ಯಾಕ್ ಕೆರೆ ಗಟ್ಟಿಯಾದ ಮೇಲೆ ಅದರ ಮೇಲೆ ಅರವತ್ತು ಮೀನುಮನೆಗಳ ಒಂದು ಬೀದಿಯೇ ಏಳುತ್ತದೆ. ಅಷ್ಟೂ ಮನೆಗಳ ಬಾಗಿಲು ತೆರೆದವು. ಒಬ್ಬರೂ ನಗಲಿಲ್ಲ. ಇದು ಉತ್ತರ ಮಿನೆಸೋಟ, ಇಲ್ಲಿ ಮುಖದ ಮೇಲೆ ನಗುವುದಿಲ್ಲ. ಎಲ್ಲರೂ ಗಂಭೀರವಾಗಿ ಒಂದು ಕೈ ಎತ್ತಿ, ‘ಹವಾ ಪರವಾಗಿಲ್ಲ ಅಲ್ವಾ ಆರ್ಡಿಸ್’ ಅಂದರು. ಅವಳಿಗೆ ಉರಿದದ್ದು ಅದಕ್ಕೇ.

ಪಿಕಪ್ಪಿನ ಬಾಗಿಲು ಹಾಕುವ ಮುಂಚೆ ಅವಳು ಹೇಳಿದ್ದು ಇಷ್ಟು: “ವೆಂಡೆಲ್, ಆ ಮನೆಗೆ ನೆಲ ಅನ್ನೋದೊಂದು ಆಗೋವರೆಗೆ ನಾನು ಒಳಗೆ ಕಾಲಿಡಲ್ಲ.”

“ಸರಿ,” ಅಂದ ವೆಂಡೆಲ್. ಅಲ್ಲಿಗೇ ನಿಲ್ಲಿಸಬಹುದಿತ್ತು. “ಇನ್ನೂ ಕೆಟ್ಟದಾಗಬಹುದಿತ್ತು,” ಎಂದೂ ಸೇರಿಸಿದ.

ವೆಂಡೆಲ್ ರುಸ್ತಾದ್ ಮೂವತ್ತೊಂದು ವರ್ಷ ಈ ಕೌಂಟಿಯ ರಸ್ತೆಗಳ ಹಿಮ ಗೋರುವ ಲಾರಿ ಓಡಿಸಿದವನು. ಬೆಳಗಾಗುವ ಮೊದಲೇ ಎದ್ದು ಊರಿಗೆಲ್ಲ ದಾರಿ ಮಾಡಿಕೊಟ್ಟು, ಮನೆಗೆ ಬಂದಾಗ ತನ್ನ ಬಾಗಿಲ ಹಿಮವನ್ನು ಸಲಿಕೆಯಲ್ಲಿ ಎತ್ತಿದವನು. ಮಾತು ಕಡಿಮೆ. ಚೆನ್ನಾಗಿದ್ದರೆ ‘ಪರವಾಗಿಲ್ಲ’ ಅನ್ನುತ್ತಾನೆ. ಚೆನ್ನಾಗಿಲ್ಲದಿದ್ದರೂ ‘ಪರವಾಗಿಲ್ಲ’ವೇ, ಆದರೆ ಸ್ವಲ್ಪ ಹೊತ್ತು ಬಿಟ್ಟು. ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಇನ್ನೂರು ಮಕ್ಕಳಿಗೆ ಬಡಿಸಿದವಳು. ಅವಳು ಬಡಿಸಿದ್ದನ್ನು ತಟ್ಟೆಯಲ್ಲಿ ಬಿಟ್ಟ ಮಗು ಈ ಊರಲ್ಲಿಲ್ಲ. ಇಬ್ಬರೂ ಮದುವೆಯಾದ ವರ್ಷ ವೆಂಡೆಲ್ ಎಂಟಡಿ ಅಗಲ, ಹನ್ನೆರಡಡಿ ಉದ್ದದ ಆ ಮೀನುಮನೆಯನ್ನು ಕೈಯಾರೆ ಕಟ್ಟಿ, ನೆಲದಲ್ಲಿ ಎರಡೇ ಎರಡು ತೂತು ಬಿಟ್ಟ. ಒಂದು ಅವನದು, ಒಂದು ಅವಳದು, ನಡುವೆ ಒಂದು ಮೊಳ. ಮೂವತ್ತೆಂಟು ಚಳಿಗಾಲ ಇಬ್ಬರೂ ಪಕ್ಕಪಕ್ಕ ಕೂತು ಗಾಳ ಬಿಟ್ಟಿದ್ದಾರೆ. ಹೆಚ್ಚು ಮೀನು ಹಿಡಿದವಳು ಆರ್ಡಿಸ್. ಅದಕ್ಕೂ ವೆಂಡೆಲ್ ‘ಪರವಾಗಿಲ್ಲ’ ಅಂದಿದ್ದಾನೆ, ಸ್ವಲ್ಪ ಹೊತ್ತು ಬಿಟ್ಟು.

ಜಾರುಬಂಡಿ ಪ್ರಕರಣದ ಮರುದಿನದಿಂದ ಅವನು ಒಬ್ಬನೇ ಬರತೊಡಗಿದ. ನನ್ನ ಮೀನುಮನೆ ಅವನದಕ್ಕಿಂತ ಮೂವತ್ತು ಹೆಜ್ಜೆ ಆಚೆ. ಮಂಜುಗಡ್ಡೆ ಕೊರೆಯುವ ಬೈರಿಗೆಯ ಸದ್ದು ದಿನವೂ ನನಗೆ ಕೇಳುತ್ತಿತ್ತು. ಒಂದು ಸಲ ಗರ‍್ರೆಂದು ನಿಲ್ಲುತ್ತಿತ್ತು, ಮತ್ತೆ ಇನ್ನೊಂದು ಸಲ ಗರ‍್ರೆನ್ನುತ್ತಿತ್ತು. ಕೂರುವವನು ಒಬ್ಬ, ಕೊರೆಯುವುದು ಎರಡು. ಒಂದು ದಿನ ಕಾಫಿ ಹಿಡಿದು ಹೋದೆ. ಅವಳ ತೂತಿನ ಮೇಲೆ ಕಟ್ಟಿದ ತೆಳು ಮಂಜನ್ನು ಅವನು ಸೌಟಿನಿಂದ ತೆಗೆಯುತ್ತಿದ್ದ. ನನ್ನನ್ನು ಕಂಡು ಅವನು ಸೌಟನ್ನು ಮೊಳೆಗೆ ನೇತುಹಾಕಿ, “ಗಾಳಿ ವಾಯವ್ಯಕ್ಕೆ ತಿರುಗಿದೆ,” ಅಂದ.

ಇಲ್ಲಿಯ ಪದ್ಧತಿ ಒಂದಿದೆ. ಮನೆಯಲ್ಲಿ ಆಯುಸ್ಸು ಮುಗಿದ ಯಾವುದೂ ಕಸಕ್ಕೆ ಹೋಗುವುದಿಲ್ಲ, ಮೀನುಮನೆಗೆ ಹೋಗುತ್ತದೆ. ಕಾಲು ಮುರಿದ ಸೋಫಾ, ಒಂದೇ ಬರ್ನರ್ ಉರಿಯುವ ಒಲೆ, ಅತ್ತೆ ಕೊಟ್ಟ ಪರದೆ. ಮನೆಯಲ್ಲಿ ಸತ್ತದ್ದಕ್ಕೆ ಕೆರೆಯ ಮೇಲೆ ಸದ್ಗತಿ. ವೆಂಡೆಲ್‌ನ ಆ ಕಾರ್ಪೆಟ್ಟೂ ಹಾಗೇ ಅವರ ಮನೆಯ ಹಾಲ್‌ನಲ್ಲಿ ಹದಿನೈದು ವರ್ಷ ಬಾಳಿ ಬಂದದ್ದು. ಹೀಗಾಗಿ ಮೀನುಮನೆಗೆಂದು ಹೊಸ ನೆಲ ಹುಡುಕಿದವನು ಟಮರ‍್ಯಾಕ್ ಕೆರೆಯ ಇತಿಹಾಸದಲ್ಲಿ ವೆಂಡೆಲ್ ಮೊದಲಿಗ. ಹುಡುಕಲು ಬಂದದ್ದು ನಾನು ಕೆಲಸ ಮಾಡುವ ಹಾರ್ಡ್‌ವೇರ್ ಅಂಗಡಿಗೆ.

“ಏನು ಬೇಕು?” ಅಂದೆ.

“ನೆಲ.”

“ಎಂಥಾದ್ದು?”

“ಆರ್ಡಿಸ್ ನಿಲ್ಲೋ ಅಂಥಾದ್ದು.”

ಅಂಥ ಮಾಲು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. “ಅವಳನ್ನೇ ಕೇಳಬಾರದಾ?” ಅಂದೆ.

“ಕೇಳಿದೆ. ‘ನಿನಗೆ ಹೇಗೆ ಬೇಕೋ ಹಾಗೆ ಮಾಡು’ ಅಂದ್ಲು.”

ಮದುವೆಯಾದವರಿಗೆ ಆ ಮಾತಿನ ತೂಕ ಗೊತ್ತು.

ನಾನು ಓದಿದ ಕಾನ್ವೆಂಟಿನಲ್ಲಿ, ಬಂಡೆಯ ಮೇಲೆ ಮನೆ ಕಟ್ಟಿದ ಜಾಣನ ಕಥೆಯನ್ನೂ ಮರಳಿನ ಮೇಲೆ ಕಟ್ಟಿದ ದಡ್ಡನ ಕಥೆಯನ್ನೂ ಸಿಸ್ಟರ್ ವರ್ಷಕ್ಕೆರಡು ಸಲ ಹೇಳುತ್ತಿದ್ದರು. ನೀರಿನ ಮೇಲೆ ಕಟ್ಟುವವರ ವಿಷಯ ಎತ್ತಲೇ ಇಲ್ಲ. ಮೀನುಮನೆಯ ನೆಲಕ್ಕೆ ಮೇಲಿನಿಂದ ಒಲೆಯ ಶಾಖ, ಕೆಳಗಿನಿಂದ ಎರಡಡಿ ಮಂಜುಗಡ್ಡೆ. ಮೇಲೆ ಕರಗುತ್ತದೆ, ಕೆಳಗೆ ಕಟ್ಟುತ್ತದೆ. ನಡುವೆ ಸಿಕ್ಕ ನೆಲಹಾಸಿಗೆ ಅತ್ತೆ ಸೊಸೆಯರ ನಡುವಿನ ಗಂಡಿನ ಪಾಡು. ಸಾಲದ್ದಕ್ಕೆ ಬೇಕೆಂತಲೇ ಕೊರೆದ ತೂತುಗಳು ಬೇರೆ. ಎಲ್ಲರ ಮನೆಯ ದೋಸೆಯೂ ತೂತು ಅನ್ನುತ್ತಾರೆ. ಇಲ್ಲಿ ಎಲ್ಲರ ಮನೆಯ ನೆಲವೂ ತೂತು.

ಮಾರ್ಚಿನಲ್ಲಿ, ಕೆರೆ ಕರಗುವ ಮುನ್ನ ಮನೆಗಳನ್ನು ತೆಗೆಯಲು ಸರ್ಕಾರ ಇಟ್ಟ ಗಡುವಿನ ಮೊದಲೇ, ವೆಂಡೆಲ್ ಮನೆಯನ್ನು ಕೆರೆಯಿಂದ ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ. ಏಪ್ರಿಲ್‌ನಲ್ಲಿ ಕಾರ್ಪೆಟ್ಟು ಕಿತ್ತು, ಕೊಳೆತದ್ದನ್ನೆಲ್ಲ ತೆಗೆದು ಹೊಸ ಪ್ಲೈವುಡ್ಡು ಬಡಿದು, ದೋಣಿಗೆ ಬಳಿಯುವ ಬಣ್ಣ ಬಳಿದ. ಬೂದು ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆರ್ಡಿಸ್‌ಳ ಅಣ್ಣ ಡ್ವೇನ್ ನೋಡಲು ಬಂದ, ಒಂದು ಹೆಜ್ಜೆ ಇಟ್ಟ, ಆಚೆ ಗೋಡೆಯವರೆಗೂ ಹೋದ. ಎರಡನೆಯ ಹೆಜ್ಜೆ ಇಡಬೇಕಾಗಲಿಲ್ಲ.

“ಬಣ್ಣಕ್ಕೆ ಮರಳು ಸೇರಿಸು,” ಅಂದ ಡ್ವೇನ್, ಕೂತಲ್ಲಿಂದಲೇ.

ವೆಂಡೆಲ್ ಮರಳು ಸೇರಿಸಿ ಇನ್ನೊಂದು ಕೈ ಬಳಿದ. ಆರ್ಡಿಸ್ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಬಾಗಿಲ ಹೊರಗೇ ನಿಂತು, ಬಗ್ಗಿ, ನೆಲದ ಮೇಲೆ ಅಂಗೈ ಆಡಿಸಿದಳು.

“ಹಿಮ್ಮಡಿ ಉಜ್ಜಿಕೊಳ್ಳೋಕೆ ಚೆನ್ನಾಗಿದೆ,” ಅಂದಳು.

ವೆಂಡೆಲ್ ಆ ಸಂಜೆ ಅಂಗಡಿಗೆ ಬಂದು ಬಣ್ಣ ಕೆರೆಯುವ ಹತಾರ ಕೊಂಡ.

ಜುಲೈನಲ್ಲಿ ವಿನೈಲ್ ಬಂತು. ಓಕ್ ಮರದ ಹಲಗೆಯಂತೆ ಕಾಣುವ ಹಾಳೆ; ನೀರು ಹೀರುವುದಿಲ್ಲ, ಒರೆಸಿದರೆ ಸಾಕು. ಮಾರಿದವನು ನಾನೇ, ಆ ಪಾಪ ನನ್ನದು. ಬೆವರು ಕಣ್ಣಿಗಿಳಿಯುವ ಸೆಕೆಯಲ್ಲಿ ವೆಂಡೆಲ್ ಚಡ್ಡಿ ಹಾಕಿಕೊಂಡು, ಮಂಡಿಯೂರಿ, ಕೂದಲೆಳೆ ಬಿಡದ ಹಾಗೆ ಮೂಲೆಯಿಂದ ಮೂಲೆಗೆ ಅಳೆದು ಕತ್ತರಿಸಿದ. ಎರಡು ತೂತುಗಳ ಸುತ್ತ ಬಟ್ಟಲಿನಂಥ ದುಂಡು. ಆರ್ಡಿಸ್ ಮತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ. ಆದರೆ ಐಸ್ ಮೇಲೆ ಹೋದ ಮೇಲೆ ಕಾಲಿಡ್ತೀನಿ.”

ವೆಂಡೆಲ್ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿಲ್ಲ. ಆಗಸ್ಟ್ ಪೂರ್ತಿ ಮಾತಿಗೆ ಸಿಕ್ಕವರಿಗೆಲ್ಲ ‘ಪರವಾಗಿಲ್ಲ’ ಅಂದ, ತಡಮಾಡದೆ.

ಜುಲೈನಲ್ಲಿ ಅಳೆಯುವ ತಪ್ಪನ್ನು ಈ ಕಡೆಯವರು ಮಾತ್ರ ಮಾಡಬಲ್ಲರು, ಯಾಕೆಂದರೆ ಬೇರೆ ಯಾರ ಜುಲೈಗೂ ಜನವರಿಗೂ ನಡುವೆ ಅಷ್ಟು ದೂರವಿಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ಮೊದಲ ಬೆಳಿಗ್ಗೆ ವೆಂಡೆಲ್ ಬಾಗಿಲು ತೆಗೆದರೆ, ವಿನೈಲ್ ನಾಲ್ಕೂ ಗೋಡೆಗಳಿಂದ ಬೆರಳಷ್ಟು ಹಿಂದೆ ಸರಿದಿತ್ತು. ತೊಳೆದ ಪಂಚೆ ಕುಗ್ಗಿದ ಹಾಗೆ. ಅಂಚುಗಳು ಹಪ್ಪಳದಂತೆ ಎದ್ದಿದ್ದವು. ಸಮಾಧಾನ ಹೇಳಲು ಬಂದ ಡ್ವೇನ್, ಜಾರದಿರಲೆಂದು ಬೂಟಿಗೆ ಕಟ್ಟಿದ ಕಬ್ಬಿಣದ ಮುಳ್ಳುಪಟ್ಟಿ ಬಿಚ್ಚದೆಯೇ ಒಳಗೆ ಬಂದ. ಹೋದ ಸಲ ಜಾರಿದ್ದನಲ್ಲ, ಈ ಸಲ ಹುಷಾರು. ಚಟಚಟ ಎಂದು ಬಾಗಿಲಿಂದ ಒಲೆಯವರೆಗೆ ಹಪ್ಪಳ ಮುರಿಯಿತು.

“ಕಾರ್ಪೆಟ್ ಹಾಕು ಮಾರಾಯ,” ಅಂದ ಡ್ವೇನ್. “ಕೆರೆ ಮೇಲೆ ಎಲ್ಲರೂ ಕಾರ್ಪೆಟ್ಟೇ ಹಾಕಿರೋದು. ನೀನೇನು ದೊಡ್ಡ ಅರಮನೆ ಕಟ್ತಿದೀಯಾ?”

“ಡ್ವೇನ್, ಕಾರ್ಪೆಟ್ ಅನ್ನೋ ಮಾತು ಈ ಮನೇಲಿ ಎತ್ತಬೇಡ.”

“ನಮ್ಮ ಆರ್ಡಿ ಸಣ್ಣವಳಿದ್ದಾಗಿಂದ ಗೊತ್ತು ನಂಗೆ. ಅವಳ ಸಿಟ್ಟು ನೆಲದ ಮೇಲಲ್ಲ.”

“ಮತ್ತೆ?”

“ಬಕೆಟ್ಟಿನ ಮೇಲೆ.”

ವೆಂಡೆಲ್ ಅವನನ್ನು ಹೊರಗೆ ಕಳಿಸಿದ. ಕಳಿಸಿದ ಅಂದರೆ, ಬಾಗಿಲು ತೆರೆದು ಹಿಡಿದು, ‘ಹಾಗಾದರೆ ಸರಿ’ ಅಂದ. ನಮ್ಮಲ್ಲಿ ಅದು ಕುತ್ತಿಗೆ ಹಿಡಿದು ದಬ್ಬಿದ ಲೆಕ್ಕ.

ಫೆಬ್ರವರಿಯಲ್ಲಿ ರಬ್ಬರ್. ಕುದುರೆ ಲಾಯಕ್ಕೆ ಹಾಸುವ ದಪ್ಪ ಹಾಳೆಗಳು, ಒಂದೊಂದು ನೂರು ಪೌಂಡು, ಒಟ್ಟು ನಾಲ್ಕು. ಚಳಿಗೆ ಕುಗ್ಗಲಿಲ್ಲ, ಮುಳ್ಳಿಗೆ ಬಗ್ಗಲಿಲ್ಲ, ನೀರು ಕುಡಿಯಲಿಲ್ಲ. ಆದರೆ ಒಲೆ ಹಚ್ಚಿದ ಹತ್ತು ನಿಮಿಷಕ್ಕೆ ಒಳಗೆಲ್ಲ ಹೊಸ ಟೈರಿನ ಅಂಗಡಿಯ ವಾಸನೆ. ಆರ್ಡಿಸ್‌ಳನ್ನು ಆ ದಿನ ಅವನೇ ಪಿಕಪ್ಪಿನಲ್ಲಿ ಕೂರಿಸಿಕೊಂಡು ಕೆರೆಗೆ ಕರೆತಂದ. ಅವಳು ಒಂದು ವರ್ಷದ ನಂತರ ಆ ಬೀದಿಗೆ ಬಂದದ್ದು. ಬಾಗಿಲು ತೆರೆದಳು. ಮೂಗು ಒಳಗೆ ಹೋಯಿತು, ಕಾಲು ಹೋಗಲಿಲ್ಲ.

“ಇದು… ಬೇರೆ ಥರ ಇದೆ,” ಅಂದಳು.

ಇಲ್ಲಿಯವರ ಬಾಯಲ್ಲಿ ‘ಬೇರೆ ಥರ ಇದೆ’ ಎಂಬುದಕ್ಕಿಂತ ಕಠಿಣ ತೀರ್ಪಿಲ್ಲ. ಬೀಗರು ಮಾಡಿದ ಅಡುಗೆಗೆ, ಹಾಳಾದ ಕ್ಷೌರಕ್ಕೆ, ಮೂರನೆಯ ಮದುವೆಗೆ ಮಾತ್ರ ಅದನ್ನು ಬಳಸುತ್ತಾರೆ. ಅವಳು ಬಾಗಿಲು ಹಾಕಿ, ಪಿಕಪ್ಪಿನಲ್ಲಿ ಹೋಗಿ ಕೂತಳು. ಒಳಗೆ ಎರಡು ತೂತುಗಳಿಂದಲೂ ಬೆಳಗಿನ ಆವಿ ಏಳುತ್ತಿತ್ತು. ಅದನ್ನು ಅವಳು ನೋಡಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ಮಾರ್ಚಿನಲ್ಲಿ ರಬ್ಬರಿನ ಭಾರಕ್ಕೆ ಮನೆ ಕೆಸರುಮಂಜಿನಲ್ಲಿ ಹೂತು, ಎರಡು ಪಿಕಪ್ಪು ಕಟ್ಟಿ ಎಳೆಯಬೇಕಾಯಿತು. ಹಗ್ಗ ಕಟ್ಟುವಾಗ ಡ್ವೇನ್ ಏನೋ ಹೇಳಲು ಬಾಯಿ ತೆರೆದ. ವೆಂಡೆಲ್‌ನ ಮುಖ ನೋಡಿ ಹೊಗೆಸೊಪ್ಪು ಹಾಕಿಕೊಂಡು ಮುಚ್ಚಿದ.

ಮೀನಮೇಷ ಎಣಿಸುವುದು ಅನ್ನುತ್ತೇವಲ್ಲ, ವೆಂಡೆಲ್ ಆ ವರ್ಷ ಮೀನ ಎಣಿಸಿದ್ದು ಕಡಿಮೆ, ಬರೀ ಮೇಷ. ಅಂಗಡಿಗೆ ಬರುವನು, ನೆಲಹಾಸಿನ ತುಂಡುಗಳನ್ನು ಒಂದೊಂದಾಗಿ ಎತ್ತಿ ಮೂಸುವನು, ಬಗ್ಗಿಸುವನು, ಉಗುರಿನಲ್ಲಿ ಕೆರೆಯುವನು, ಇಟ್ಟು ಹೋಗುವನು. ಒಂದು ತುಂಡನ್ನು ಮನೆಗೊಯ್ದು ಮೂರು ದಿನ ಫ್ರೀಜರಿನಲ್ಲಿ, ಬಟಾಣಿಯ ಪಕ್ಕ ಇಟ್ಟನಂತೆ. ಆರ್ಡಿಸ್ ಅದನ್ನು ಮಾಂಸವೆಂದು ಕರಗಲು ಇಟ್ಟಳಂತೆ. ಕಾಫಿ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಸಲಹೆ. ಹಾಸು ಹೋಗಿ ಹಾಸ್ಯ ಉಳಿದಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ಬಂದವನೇ ಬಣ್ಣದ ಡಬ್ಬದ ಮೇಲೆ ಕುಸಿದ.

“ಮೂವತ್ತೊಂದು ವರ್ಷ,” ಅಂದ. “ಈ ಕೌಂಟಿಯ ನಾನೂರು ಮೈಲಿ ರಸ್ತೆ ಗೋರಿದೀನಿ. ಒಂದು ಸಲಾನೂ ಶಾಲೆ ಬಸ್ಸು ನಿಂತಿಲ್ಲ. ಎಂಟಡಿಗೆ ಹನ್ನೆರಡಡಿ ನೆಲ ನನ್ನ ಕೈಲಿ ಆಗ್ತಿಲ್ಲ.”

ಅದು ಅವನು ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು. ನನಗೆ ಗಾಬರಿಯಾಯಿತು.

“ಬಿಟ್ಟುಬಿಡು ವೆಂಡೆಲ್. ಒಬ್ಬನೇ ಹಿಡಿದರೆ ಮೀನು ಬೇಡ ಅನ್ನುತ್ತಾ?”

“ಒಬ್ಬನೇ ಕೂತ್ರೆ ತಪ್ಪಿದ ಮೀನಿನ ಅಳತೆ ಯಾರಿಗೆ ಹೇಳೋದು?” ಅಂದ. ಆಮೇಲೆ ಬಹಳ ಹೇಳಿಬಿಟ್ಟೆ ಅನ್ನಿಸಿತೇನೋ, ಎದ್ದು, ಬೇಡದಿದ್ದರೂ ಒಂದು ಪೊಟ್ಟಣ ಮೊಳೆ ಕೊಂಡು ಹೋದ.

ಪರಿಹಾರ ಇದ್ದದ್ದು ಅವನ ಪಿಕಪ್ಪಿನ ಬೆನ್ನಿನಲ್ಲೇ. ಪಿಕಪ್ಪಿನ ಹಿಂಬದಿ ತೊಟ್ಟಿಗೆ ಒಂದು ಕಪ್ಪು ಲೇಪ ಸಿಂಪಡಿಸುತ್ತಾರಲ್ಲ, ಕಲ್ಲು ಸುರಿದರೂ, ಕಬ್ಬಿಣ ಎಳೆದರೂ, ಉಪ್ಪು ಬಿದ್ದರೂ ಜಗ್ಗದ್ದು. ಹನ್ನೆರಡು ವರ್ಷದಿಂದ ಅದರ ಮೇಲೆ ಮೀನು, ಸೌದೆ, ಡ್ವೇನ್ ಎಲ್ಲವನ್ನೂ ಹೊತ್ತು ತಿರುಗಿದ್ದ, ತಲೆಗೆ ಹೊಳೆದಿರಲಿಲ್ಲ. ಅಕ್ಟೋಬರಿನಲ್ಲಿ ಮೀನುಮನೆಯನ್ನೇ ಪಕ್ಕದ ಊರಿಗೆ ಎಳೆದೊಯ್ದು ಆ ಲೇಪ ಹಾಕಿಸಿದ. ನೆಲ, ಗೋಡೆಯ ಬುಡ ಒಂದು ಗೇಣು, ತೂತುಗಳ ಬಾಯಿ, ಎಲ್ಲ ಒಂದೇ ತುಂಡು. ಸಂದಿಲ್ಲ, ಅಂಚಿಲ್ಲ, ಏಳುವುದಕ್ಕೆ ಏನೂ ಇಲ್ಲ. ಎರಡು ತಿಂಗಳು ಬಾಗಿಲು ತೆರೆದಿಟ್ಟು ವಾಸನೆ ಹೋಗಲಾಡಿಸಿದ. ಈ ಸಲ ಆರ್ಡಿಸ್‌ಗೆ ಹೇಳಲಿಲ್ಲ. ಜನವರಿಯ ಚಳಿ ಕಚ್ಚುವವರೆಗೆ ಕಾದ.

ಆಮೇಲೆ ಒಂದು ಶನಿವಾರ ಪಿಕಪ್ಪು ಬಂದು ನಿಂತಿತು. ಆರ್ಡಿಸ್ ಇಳಿದಳು. ಕೈಯಲ್ಲಿ ಖಾಲಿ ಬಕೆಟ್ಟು. ನಾನು ಕಾಫಿಯ ನೆಪದಲ್ಲಿ ಅಲ್ಲೇ ಇದ್ದೆ. ಡ್ವೇನ್‌ಗೆ ನೆಪವೂ ಬೇಕಿರಲಿಲ್ಲ. ಅವಳು ಹೊಸ್ತಿಲಾಚೆಯೇ ನಿಂತು, “ನೀರು ಕೊಡು,” ಅಂದಳು. ವೆಂಡೆಲ್ ತೂತಿನಿಂದ ಮೊಗೆದು ತುಂಬಿಕೊಟ್ಟ. ಪೂರಾ ಬಕೆಟ್ಟನ್ನು ಅವಳು ನೆಲದ ಮೇಲೆ ಸುರಿದಳು.

“ಒಲೆ ಆರಿಸು.”

ಆರಿಸಿದ. ನಾವು ನಾಲ್ವರೂ ಆ ಚಳಿಯಲ್ಲಿ, ಬಾಗಿಲು ತೆರೆದುಕೊಂಡು, ಅರ್ಧ ಗಂಟೆ ನೆಲ ನೋಡುತ್ತ ನಿಂತೆವು. ನೀರು ಹೆಚ್ಚಿನಂಶ ಹರಿದು ತೂತುಗಳಿಗೆ ಇಳಿಯಿತು. ಉಳಿದದ್ದು ಹೆಪ್ಪುಗಟ್ಟಿತು. ಆರ್ಡಿಸ್ ಪೊರಕೆಯ ಹಿಡಿಯಿಂದ ಒಂದು ಸಲ ತಟ್ಟಿದಳು. ಮಂಜು ಬಿಲ್ಲೆಯಾಗಿ ಎದ್ದು ಬಂತು. ನೆಲ ಒಂದಿಷ್ಟೂ ಅಲುಗಲಿಲ್ಲ.

“ಬೇರೆ ಥರ ಇದೆಯಾ?” ಅಂದ ವೆಂಡೆಲ್. ಅವನ ದನಿ ಕೇಳಿ ನನಗೇ ಅಯ್ಯೋ ಅನ್ನಿಸಿತು.

“ಪರವಾಗಿಲ್ಲ,” ಅಂದಳು ಆರ್ಡಿಸ್, ಮತ್ತು ಒಳಗೆ ಕಾಲಿಟ್ಟಳು.

ಎರಡು ವರ್ಷ ಕಾದಿದ್ದ ಕುರ್ಚಿಯಲ್ಲಿ ಕೂತು ಕೆಳಗೆ ನೋಡಿದಳು. ತೂತು ತೆರೆದೇ ಇತ್ತು, ಮಂಜಿನ ಅಂಚು ಸವೆದು ನುಣುಪಾಗಿತ್ತು. ಪಕ್ಕದಲ್ಲಿ ಸೌಟು ನೇತಾಡುತ್ತಿತ್ತು.

“ನನ್ನ ತೂತು ಯಾಕೆ ಕೊರೆದೆ? ನಾನು ಬರ್ತೀನಿ ಅಂತ ನಿಂಗೇನು ಗೊತ್ತಿತ್ತು?”

“ನೆಲದಲ್ಲಿ ಎರಡಿದ್ವಲ್ಲ,” ಅಂದ ವೆಂಡೆಲ್. “ಸುಮ್ನೆ ಬಿಡೋದ್ಯಾಕೆ ಅಂತ.”

ನಾನು ಡ್ವೇನ್‌ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಅಂದಿನಿಂದ ಮೂವತ್ತು ಹೆಜ್ಜೆ ಆಚೆಯಿಂದ ನನಗೆ ಮತ್ತೆ ಹಳೆಯ ಸದ್ದುಗಳು ಕೇಳುತ್ತಿವೆ. ಎರಡು ಸಲ ಬೈರಿಗೆ. ಆಮೇಲೆ ಆರ್ಡಿಸ್ ಎಣಿಸುವುದು, ವೆಂಡೆಲ್ ಸ್ವಲ್ಪ ಹೊತ್ತು ಬಿಟ್ಟು ‘ಪರವಾಗಿಲ್ಲ’ ಅನ್ನುವುದು. ಆ ವಾರವೇ ಆರ್ಡಿಸ್ ಅಂಗಡಿಗೆ ಬಂದು ನಗುನಗುತ್ತ ತನ್ನ ಮನೆಯ ಹಾಲಿಗೆ ಹೊಸ ಹಾಸು ಕೊಂಡಳು. ಗಂಡ ಮೀನುಮನೆಗೆ ಇಷ್ಟೆಲ್ಲ ಮಾಡಿದ ಮೇಲೆ ಸ್ವಂತ ಮನೆಗೂ ಒಂದು ಇರಲಿ ಅಂತ ಇರಬೇಕು ಅಂದುಕೊಂಡು ನಾನು ಬಿಲ್ಲು ಹರಿದೆ.

ಫೆಬ್ರವರಿಯ ಕೊನೆಗೆ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ. ಆ ನೆಲಮಾಳಿಗೆಯ ನೆಲಕ್ಕೂ ನೀರು ಜಿನುಗಿ ಮೂಲೆಯೆಲ್ಲ ಎದ್ದಿದೆ. ಹೊಸದು ಹಾಕಿಸಬೇಕೆಂದು ಸಮಿತಿ ಆರು ತಿಂಗಳಿಂದ ಕೂತು ಏಳುತ್ತಿದೆ. ಪಾಸ್ಟರ್ ನೈಬರ್ಗ್ ತಟ್ಟೆ ಹಿಡಿದು ನಮ್ಮ ಮೇಜಿಗೇ ಬಂದರು. ಅಕ್ಕಪಕ್ಕದವರೂ ಮುಳ್ಳು ಬಿಡಿಸುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಈ ಊರಿನಲ್ಲಿ ನೆಲದ ವಿಷಯಕ್ಕೆ ವೆಂಡೆಲ್ ಬಿಟ್ಟರೆ ಬೇರೆ ಪಂಡಿತರಿಲ್ಲ.

“ವೆಂಡೆಲ್, ನೀವು ಎಲ್ಲವನ್ನೂ ಮಾಡಿ ನೋಡಿದವರು,” ಅಂದರು ಪಾಸ್ಟರ್. “ನೇರವಾಗಿ ಹೇಳಿ. ಆ ಹೊಸ ನೆಲ ಹೇಗೆ ತಡೀತಿದೆ?”

ವೆಂಡೆಲ್ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ. ಆಚೆ ತುದಿಯಲ್ಲಿ ಬಡಿಸುತ್ತಿದ್ದ ಆರ್ಡಿಸ್‌ಳತ್ತ ಒಮ್ಮೆ ನೋಡಿದ.

“ಗೊತ್ತಿಲ್ಲ ಪಾಸ್ಟರ್,” ಅಂದ. “ಅದನ್ನ ನೋಡಿ ನಾಲ್ಕು ವಾರ ಆಯ್ತು. ಹೊಸ ನೆಲ ಹಾಳಾಗಬಾರದು ಅಂತ ಆರ್ಡಿಸ್ ಅದರ ಮೇಲೆ ನಮ್ಮ ಹಾಲಿನ ಹಳೇ ಕಾರ್ಪೆಟ್ ಹಾಸಿದಾಳೆ.”